ಮಾನಿಟರ್ ಅಂಗಡಿಯಲ್ಲಿ ಒಂದು ಪುಟ ಕನ್ನಡ ಇರಲಿ

ಮಾನ್ಯ ಸಂಪಾದಕರೆ,

ಹಬ್ಬ ಹತ್ತಿರ ಬಂತೆಂದರೆ ನಿಮ್ಮ ಪತ್ರಿಕೆಯ ತುಂಬ ಟಿವಿ, ಲ್ಯಾಪ್‌ಟಾಪ್, ಮಾನಿಟರ್‌ಗಳ ಜಾಹೀರಾತು. ಎಲ್ಲದರಲ್ಲೂ ಎಷ್ಟು ಇಂಚು, ಎಷ್ಟು ರೂಪಾಯಿ, ಇಷ್ಟೇ. ಆ ಎರಡು ಲೆಕ್ಕ ನಂಬಿ ಕೈಸುಟ್ಟುಕೊಂಡ ಮೇಲೆ ಈ ಕಾಗದ ಬರೆಯುತ್ತಿದ್ದೇನೆ.

ಸಾಗರದಲ್ಲಿ ಮನೆಯಲ್ಲೇ ಕೂತು ಕನ್ನಡ ಪುಸ್ತಕಗಳ ಕರಡು ತಿದ್ದುವುದು ನನ್ನ ಕೆಲಸ. ಹದಿನೆಂಟೂವರೆ ಇಂಚಿನ ಹಳೇ ಮಾನಿಟರಿನಲ್ಲೇ ಹನ್ನೊಂದು ವರ್ಷ ದೂಡಿದ್ದೆ. ಹೋದ ವರ್ಷ ಹಾಲಿನ ಸಂಘವೊಂದರ ಸ್ಮರಣ ಸಂಚಿಕೆಯಲ್ಲಿ ‘ಸದಸ್ಯರಿಗೆ ಧನಸಹಾಯ’ ಎನ್ನುವುದು ‘ದನಸಹಾಯ’ವಾಗಿ ಅಚ್ಚಾಯಿತು. ಹಾಲಿನ ಸಂಘವಲ್ಲವೇ, ಓದಿದವರು ಯಾರೂ ಬೆಚ್ಚಲಿಲ್ಲ. ಇಬ್ಬರು ಬಂದು ಹಸು ಯಾವಾಗ ಕೊಡುತ್ತೀರಿ ಎಂದು ವಿಚಾರಿಸಿದರಂತೆ. ನಗು ಬಂತು, ಜೊತೆಗೆ ಹೆದರಿಕೆಯೂ ಆಯಿತು. ಕಣ್ಣಿನ ಡಾಕ್ಟರು ಕನ್ನಡಕದ ನಂಬರು ಹಾಗೇ ಇದೆ ಎಂದರು. ಸರಿ, ತಪ್ಪು ಪರದೆಯದೇ ಎಂದುಕೊಂಡು ಶಿವಮೊಗ್ಗದ ಬಸ್ಸು ಹತ್ತಿದೆ.

ಅಂಗಡಿಯಲ್ಲಿ ಸಾಲಾಗಿ ಇಟ್ಟ ಮಾನಿಟರುಗಳ ಮೇಲೆಲ್ಲ ಗಿಳಿ, ಜಲಪಾತ, ಕಾರು. ಕನ್ನಡ ಅಕ್ಷರ ಹೇಗೆ ಕಾಣುತ್ತದೆ ತೋರಿಸಪ್ಪ ಎಂದರೆ ಹುಡುಗ, ‘ಕನ್ನಡ ಎಲ್ಲದ್ರಲ್ಲೂ ಬರುತ್ತೆ ಮೇಡಂ’ ಎಂದ. ಬರುತ್ತದೆ, ಸುಳ್ಳಲ್ಲ. 27 ಇಂಚಿನ ಫುಲ್ ಎಚ್‌ಡಿ ಮಾನಿಟರ್ ಕೊಂಡೆ. ಬಸ್ಸಿನಲ್ಲಿ ಕಂಡಕ್ಟರು ಪೆಟ್ಟಿಗೆಯನ್ನು ಟಿವಿ ಎಂದೇ ತಿಳಿದು ಲಗೇಜು ಟಿಕೆಟ್ ಹರಿದರು.

ಮನೆಯಲ್ಲಿ ಎಡಕ್ಕೆ ಹಸ್ತಪ್ರತಿ, ಬಲಕ್ಕೆ ಕರಡು ತೆರೆದೆ. ಎರಡೂ ಅಕ್ಕಪಕ್ಕ ಹಿಡಿಸಿದವು, ಅದೊಂದೇ ಲಾಭ. ಪುಟವನ್ನು ಅಚ್ಚಿನ ಅಳತೆಯಲ್ಲೇ ಇಟ್ಟು ಓದುವ ಅಭ್ಯಾಸ ನನ್ನದು. ಹಾಗೆ ಇಟ್ಟರೆ ದ, ಧ ಮತ್ತೆ ಅವಳಿ ಮಕ್ಕಳು. ಆಮೇಲೆ ಲೆಕ್ಕ ಹಾಕಿದೆ. ಪರದೆಯ ಚಿತ್ರವೆಲ್ಲ ಸಣ್ಣ ಚುಕ್ಕಿಗಳಿಂದ (ಪಿಕ್ಸೆಲ್) ಆಗುವುದು. ಹಳೇ ಪರದೆಯಲ್ಲಿ ಅಡ್ಡಕ್ಕೆ 1,366, ಉದ್ದಕ್ಕೆ 768 ಚುಕ್ಕಿ. ಇಂಚಿಗೆ ಸುಮಾರು 85 ಬೀಳುತ್ತದೆ. ಹೊಸದರಲ್ಲಿ 1,920 ಮತ್ತು 1,080 ಇದ್ದರೂ ಅಷ್ಟನ್ನೂ 27 ಇಂಚಿಗೆ ಎಳೆದು ಹರಡಿದ್ದರಿಂದ ಇಂಚಿಗೆ 82. ದುಡ್ಡು ಕೊಟ್ಟು ಮೂರು ಚುಕ್ಕಿ ಕಳೆದುಕೊಂಡಿದ್ದೆ!

12 ಪಾಯಿಂಟ್, ಅಂದರೆ ಇಂಚಿನ ಆರನೇ ಒಂದು ಭಾಗದ ಅಳತೆಯ ಅಕ್ಷರಕ್ಕೆ ಈ ಪರದೆಯಲ್ಲಿ ಮೇಲಿಂದ ಕೆಳಗೆ ಸಿಗುವುದು ಸುಮಾರು 14 ಚುಕ್ಕಿ. ಇಂಗ್ಲಿಷಿಗೆ ಅಷ್ಟು ಸಾಕಾಗಬಹುದು. ನಮ್ಮ ‘ರಾಷ್ಟ್ರೀಯ’ ನೋಡಿ: ‘ಷ’ದ ನೆತ್ತಿಗೆ ಗುಡಿಸು, ಕಾಲಡಿಗೆ ಟ ಒತ್ತು, ಅದರ ಜೊತೆಗೆ ರ ಒತ್ತು. ಇಡೀ ಸಂಸಾರ ಆ 14 ಚುಕ್ಕಿಯಲ್ಲೇ ಆಗಬೇಕು. ‘ಧ’ದ ಹೊಟ್ಟೆ ಸೀಳುವ ಗೆರೆ ಒಂದು ಚುಕ್ಕಿಯಷ್ಟೂ ಉಳಿಯುವುದಿಲ್ಲ, ಬೂದು ಬಣ್ಣವಾಗಿ ಕರಗುತ್ತದೆ. ಝೂಮ್ ಮಾಡಿ ಎನ್ನುತ್ತಾರೆ. ಮುನ್ನೂರು ಪುಟದ ಪುಸ್ತಕವನ್ನು ಝೂಮ್ ಮಾಡುತ್ತಾ, ಅತ್ತಿತ್ತ ಎಳೆಯುತ್ತಾ ಓದಿ ನೋಡಲಿ, ಗೊತ್ತಾಗುತ್ತದೆ.

ತೆರೆದ ಪೆಟ್ಟಿಗೆಯನ್ನು ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ಅದನ್ನು ಪಕ್ಕದ ಮನೆಯ ಹುಡುಗನಿಗೆ ಅರ್ಧ ಬೆಲೆಗೆ ಕೊಟ್ಟೆ. ಕ್ರಿಕೆಟ್ ನೋಡಲಿಕ್ಕೆ ಹೇಳಿ ಮಾಡಿಸಿದ ಹಾಗಿದೆಯಂತೆ. ಎರಡನೇ ಸಲ ಪೆನ್‌ಡ್ರೈವಿನಲ್ಲಿ ಒಂದು ಪುಟ ಕರಡು ಹಾಕಿಕೊಂಡೇ ಹೋದೆ. ಒಂದು ಅಂಗಡಿಯಲ್ಲಿ ವೈರಸ್ ಬರುತ್ತದೆ ಎಂದು ಮುಟ್ಟಲೂ ಇಲ್ಲ. ಇನ್ನೊಂದರ ಮಾಲೀಕರು ತಾವೇ ಹಾಕಿ ತೋರಿಸಿದರು. ಅದೇ 27 ಇಂಚು, ಆದರೆ 4ಕೆ, ಅಂದರೆ ಅಡ್ಡಕ್ಕೂ ಉದ್ದಕ್ಕೂ ಫುಲ್ ಎಚ್‌ಡಿಯ ಎರಡರಷ್ಟು ಚುಕ್ಕಿ. ಇಂಚಿಗೆ 163 ಚುಕ್ಕಿ. ‘ಧ’ದ ಸೀಳು ನಿಂತಲ್ಲಿಂದಲೇ ಕಂಡಿತು. ಬೆಲೆ ಮೊದಲಿನದರ ಎರಡು ಪಟ್ಟು.

ಅಲ್ಲೂ ಒಂದು ಕೊಸರು ಉಳಿದಿತ್ತು. ಮನೆಯಲ್ಲಿ ಹಚ್ಚಿದರೆ ಮೌಸಿನ ಬಾಣ ಗದ್ದೆಯಲ್ಲಿ ನಡೆದ ಹಾಗೆ ಕಾಲೆಳೆಯುತ್ತಿತ್ತು. ಅಕ್ಕನ ಮಗ ಬಂದು ನೋಡಿ, ‘ಚಿಕ್ಕಮ್ಮ, ನಿಮ್ಮ ಲ್ಯಾಪ್‌ಟಾಪಿನ ಎಚ್‌ಡಿಎಂಐ, ಅಂದ್ರೆ ಮಾನಿಟರಿನ ವೈರು ಸಿಕ್ಕಿಸೋ ಕಿಂಡಿ, ಹಳೇದು, 1.4 ಆವೃತ್ತಿ. ಅದು 4ಕೆಗೆ ಸೆಕೆಂಡಿಗೆ 30 ಸಲ ಮಾತ್ರ ಚಿತ್ರ ಕಳಿಸುತ್ತೆ, 60 ಬೇಕಾದ್ರೆ 2.0 ಇರ್ಬೇಕು’ ಎಂದ. ನನ್ನದು ಓದುವ ಕೆಲಸ, ನಡೆಯುತ್ತದೆ. ಆದರೆ ಯಾವ ಲ್ಯಾಪ್‌ಟಾಪಿಗೆ ಹಚ್ಚುತ್ತೀರಿ ಎಂದು ಮಾರುವವರು ಒಂದು ಮಾತು ಕೇಳಬಹುದಿತ್ತು.

ಅಂಗಡಿಯವರಲ್ಲಿ ನನ್ನ ವಿನಂತಿ: ಗಿಳಿ, ಜಲಪಾತ ಇರಲಿ, ಅದರ ಜೊತೆ ಒತ್ತಕ್ಷರ ತುಂಬಿದ ಒಂದು ಪುಟ ಕನ್ನಡವನ್ನೂ ಇಡಿ. ಬೆಲೆಚೀಟಿಯಲ್ಲಿ ಇಂಚಿಗೆ ಎಷ್ಟು ಚುಕ್ಕಿ ಎಂದು ಬರೆಯಿರಿ. ಸರ್ಕಾರಿ ಕಚೇರಿಗಳಿಗೆ ಮಾನಿಟರ್ ಕೊಳ್ಳುವವರೂ ಟೆಂಡರಿನಲ್ಲಿ ಇದನ್ನು ಕೇಳಲಿ. ಪಹಣಿಯಲ್ಲಿ ಹೆಸರಿನ ಒಂದಕ್ಷರ ತಪ್ಪಿದರೆ ಎಷ್ಟು ಅಲೆಯಬೇಕೆಂದು ರೈತರಿಗೆ ಗೊತ್ತು.

ಹಾಲಿನ ಸಂಘದವರು ಈ ವರ್ಷದ ಸಂಚಿಕೆಯ ಕರಡನ್ನೂ ನನಗೇ ಕಳಿಸಿದ್ದಾರೆ. ‘ಧನಸಹಾಯ’ ನಾಲ್ಕು ಕಡೆ ಇದೆ, ನಾಲ್ಕನ್ನೂ ನೋಡಿದ್ದೇನೆ.

– ಕರಡು ತಿದ್ದುವವಳೊಬ್ಬಳು, ಸಾಗರ