ಕಿವಿಯೊಳಗಿನ ಜೀಂಯ್ ಸದ್ದು ಇಟ್ಕೊಂಡೇ ಈ ಸಲದ ಸುಲಿತ ಮುಗಿಸಿದೆ, ಥ್ಯಾಂಕ್ಸ್ ಹೇಳೋದಿದೆ

ಈ ವರ್ಷದ ಅಡಿಕೆ ಸುಲಿತ ಮುಗೀತು. ನಮ್ಮ ತೋಟದ್ದೂ ಆಯ್ತು, ನಮ್ಮ ಅಡಿಕೆ ಸುಲಿಯೋ ಮಷಿನ್ ಹೋಗೋ ಅಕ್ಕಪಕ್ಕದ ಊರಿನ ಮನೆಗಳದ್ದೂ ಆಯ್ತು. ಹೋದ ವರ್ಷ ಇದೇ ಹೊತ್ತಿಗೆ ಮಷಿನ್ ಮಾರಿಬಿಡೋಣ ಅಂತ ಗಿರಾಕಿನೂ ಗೊತ್ತು ಮಾಡಿ ಆಗಿತ್ತು, ಯಾಕಂದ್ರೆ ನಂಗೆ ನಿದ್ದೆ ಇಲ್ಲ, ಊಟ ಸೇರ್ತಿರಲಿಲ್ಲ, ಎರಡೂ ಕಿವಿಲಿ ಹಗಲೂ ರಾತ್ರಿ ಜೀಂಯ್ ಅಂತ ಸದ್ದು, ಮನೆಯೋರು ಮಾತಾಡಿಸಿದ್ರೆ ಸಿಡಿಸಿಡಿ ಅಂತಿದ್ದೆ. ಆವಾಗ ಜೊತೆಗೆ ನಿಂತೋರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ ಹೇಳೋದಕ್ಕಿಂತ ಇಲ್ಲೇ ಎಲ್ಲರ ಎದುರಿಗೆ ಹೇಳಿಬಿಡೋಣ ಅಂತ ಬರೀತಿದೀನಿ, ಉದ್ದ ಆಗುತ್ತೆ, ಬೇಜಾರಾದ್ರೆ ಮಧ್ಯ ಮಧ್ಯ ಬಿಟ್ಟು ಓದಿ.

ಸದ್ದು ಹೋಯ್ತಾ ಅಂತ ಕೇಳೋರಿಗೆ ಮೊದಲೇ ಹೇಳ್ತೀನಿ, ಹೋಗಿಲ್ಲ. ಇದನ್ನ ಟೈಪ್ ಮಾಡ್ತಿರೋವಾಗ್ಲೂ ಇದೆ. ಹೋಗಿರೋದು ಹೆದರಿಕೆ. ಹೆದರಿಕೆ ಹೋದ್ಮೇಲೆ ಸದ್ದು ಇದ್ರೂ ದಿನದಲ್ಲಿ ಬಹಳ ಹೊತ್ತು ಅದರ ನೆನಪೇ ಆಗಲ್ಲ ಅನ್ನೋದು ನಂಗೆ ಯಾರಾದ್ರೂ ಮುಂಚೆನೇ ಹೇಳಿದ್ರೆ ನಂಬ್ತಿರಲಿಲ್ಲ.

ಶುರುವಾದಾಗ ಹೊರಗಡೆ ಜೀರುಂಡೆ ಅಂದ್ಕೊಂಡಿದ್ದೆ. ನಮ್ಮ ಸಾಗರದ ಕಡೆ ರಾತ್ರಿ ಜೀರುಂಡೆ ಕೂಗೋದೇನು ಹೊಸದಾ? ಕಿಟಕಿ ಹಾಕಿಸ್ದೆ, ಇವರನ್ನ ಎಬ್ಬಿಸಿ ಕೋಣೆ ಒಳಗೆ ಎಲ್ಲಾದ್ರೂ ಸೇರ್ಕೊಂಡಿದ್ಯಾ ನೋಡಿ ಅಂತ ಟಾರ್ಚ್ ಹಿಡಿಸ್ದೆ. ಆಮೇಲೆ ಶಿವಮೊಗ್ಗದಲ್ಲಿ ಒಂದು ಮದುವೆ ಮನೆಗೆ ಹೋಗಿದ್ದಾಗ ಲಾಡ್ಜ್ ರೂಮಲ್ಲೂ ಅದೇ ಜೀಂಯ್. ಅಲ್ಲಿಗೆ ಗೊತ್ತಾಯ್ತು ಇದು ಹೊರಗಿನದಲ್ಲ ಅಂತ, ಆ ರಾತ್ರಿ ಬೆಳಗಾಗೋವರೆಗೂ ಕೂತೇ ಇದ್ದೆ.

ಆಮೇಲೆ ಸಲಹೆಗಳ ಮಳೆ. ಪಿತ್ತ ಅಂದ್ರು, ರಕ್ತ ಇಲ್ಲ ಅಂದ್ರು, ಈ ವಯಸ್ಸಲ್ಲಿ ಹೆಂಗಸರಿಗೆ ಇದೆಲ್ಲ ಇದ್ದದ್ದೇ ಅಂದ್ರು, ಒಬ್ಬರಂತೂ ನಿಂಗೆ ಭ್ರಮೆ ಮಾರಾಯ್ತಿ ಅಂದೇಬಿಟ್ರು. ಪೇಟೆಲಿ ಒಬ್ಬರು ಗ್ಯಾರಂಟಿ ಅಂತ ಹೇಳಿ ಕಿವಿಗೆ ಬಿಡೋ ಡ್ರಾಪ್ಸು, ಮಾತ್ರೆ ಎಲ್ಲ ಸೇರಿಸಿ ದೊಡ್ಡ ಬಿಲ್ಲೇ ಮಾಡಿದ್ರು, ಅವರಿಗೆ ಇಲ್ಲಿ ಥ್ಯಾಂಕ್ಸ್ ಇಲ್ಲ.

ಮೊದಲನೇ ಥ್ಯಾಂಕ್ಸ್ ನನ್ನ ನಾದಿನಿಗೆ. ಸುಮ್ನೆ ಎಣ್ಣೆ ಬಿಟ್ಕೊಂಡು ಕೂತ್ಕೋಬೇಡಿ ಅತ್ತಿಗೆ ಅಂತ ಬೈದು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದು ಅವಳು. ಅಲ್ಲಿಯ ಕಿವಿ ಡಾಕ್ಟ್ರಿಗೆ ಎರಡನೇ ಥ್ಯಾಂಕ್ಸ್, ಔಷಧಿ ಕೊಟ್ಟಿದ್ದಕ್ಕಲ್ಲ, ಪ್ರಶ್ನೆ ಕೇಳಿದ್ದಕ್ಕೆ. ಒಂದೇ ಕಿವಿಲಾ ಎರಡೂ ಕಿವಿಲಾ? ಎದೆ ಬಡಿತದ ಲೆಕ್ಕಕ್ಕೆ ಸರಿಯಾಗಿ ಡಬ್ ಡಬ್ ಅಂತ ಬರುತ್ತಾ ಒಂದೇ ಸಮ ಬರುತ್ತಾ? ತಲೆ ಸುತ್ತುತ್ತಾ? ಕೇಳೋದು ಇದ್ದಕ್ಕಿದ್ದಂಗೆ ಕಮ್ಮಿ ಆಯ್ತಾ? ಯಾವ್ಯಾವ ಮಾತ್ರೆ ತಗೋತೀರಿ? ಕೆಲಸ ಏನು? ಈ ಪ್ರಶ್ನೆಗಳ ಹಿಂದೆ ಒಂದೊಂದು ಕಾರಣ ಇದೆ ಅಂತ ಆಮೇಲೆ ತಿಳೀತು. ಒಂದೇ ಕಿವಿಲಿ ಸದ್ದು ಇದ್ರೆ ಕಿವಿಯ ನರದ ಮೇಲೆ ಸಣ್ಣ ಗಡ್ಡೆ ಏನಾದ್ರೂ ಇದ್ಯಾ ಅಂತ ಎಮ್‌ಆರ್‌ಐ ಮಾಡ್ಸೋದುಂಟು, ಅಂಥ ಗಡ್ಡೆ ಅಪರೂಪ, ಕ್ಯಾನ್ಸರ್ ಕೂಡ ಅಲ್ಲ, ಆದ್ರೂ ನೋಡ್ಬೇಕು. ಬಡಿತದ ಜೊತೆ ಬರೋ ಸದ್ದಾದ್ರೆ ರಕ್ತನಾಳ ನೋಡ್ಬೇಕು, ರಕ್ತ ಕಮ್ಮಿ ಇದ್ರೂ ಹಂಗಾಗ್ಬಹುದು. ಸದ್ದಿನ ಜೊತೆ ತಲೆಸುತ್ತು ಬಂದು ಬಂದು ಹೋಗಿ, ಕಿವಿ ಕಟ್ಟಿದಂಗೆ ಆಗೋದಾದ್ರೆ ಮೆನಿಯರ್ಸ್ ಅಂತ ಬೇರೆ ಖಾಯಿಲೆ ಇರಬಹುದು. ರಾತ್ರಿ ಸರಿ ಇದ್ದ ಕಿವಿ ಬೆಳಿಗ್ಗೆ ಎದ್ದಾಗ ಕೇಳಲ್ಲ ಅಂದ್ರೆ ಅದು ಮಾತ್ರ ಎಮರ್ಜೆನ್ಸಿ, ಕೆಲವೇ ದಿನದೊಳಗೆ ಸ್ಟೆರಾಯ್ಡ್ ಶುರು ಮಾಡಿದ್ರೆ ವಾಪಸ್ ಬರೋ ಅವಕಾಶ ಜಾಸ್ತಿ, ಜಾತ್ರೆ ಮುಗೀಲಿ ಮದುವೆ ಮುಗೀಲಿ ಅಂತ ಕಾಯೋ ಹಂಗೇ ಇಲ್ಲ. ದಯವಿಟ್ಟು ಇದೊಂದನ್ನ ನೆನಪಿಟ್ಕೊಳಿ.

ಬೀಪಿ, ಥೈರಾಯ್ಡು, ಹಿಮೋಗ್ಲೋಬಿನ್ ಎಲ್ಲ ನೋಡಿದ್ರು. ಗುಗ್ಗೆನೂ ನೋಡಿದ್ರು. ಗುಗ್ಗೆ ವಿಷಯಕ್ಕೆ ನಮ್ಮ ಕೆಳಮನೆ ಅಣ್ಣಯ್ಯನ ಕತೆ ಹೇಳ್ಲೇಬೇಕು. ನನ್ನ ಪಾಡು ಕೇಳಿ ಅವರೂ, ಹೌದಲ, ನಂಗೂ ಗುಂಯ್ ಅಂತಿರುತ್ತೆ ಅಂತ ಹೋಗಿ ತೋರಿಸಿದ್ರೆ ಕಿವಿ ತುಂಬ ಗಟ್ಟಿ ಗುಗ್ಗೆ, ದಿನಾ ಬೆಂಕಿಕಡ್ಡಿ ಹಾಕಿ ಹಾಕಿ ಒಳಗೆ ತಳ್ಳಿಟ್ಟಿದ್ದಾರೆ, ಅದನ್ನ ತೆಗೆದಿದ್ದೇ ಸದ್ದು ಬಂದ್! ನಂಗೆ ಎಷ್ಟು ಹೊಟ್ಟೆಕಿಚ್ಚಾಯ್ತು ಅಂದ್ರೆ ಎರಡು ದಿನ ಅವರ ಮನೆ ಕಡೆ ತಲೆ ಹಾಕ್ಲಿಲ್ಲ. ಅಣ್ಣಯ್ಯ, ನೀವು ಇದನ್ನ ಓದ್ತೀರಿ ಅಂತ ಗೊತ್ತು. ಬೆಂಕಿಕಡ್ಡಿ, ಪಿನ್ನು, ಇಯರ್ ಬಡ್ಸ್ ಯಾವುದೂ ಕಿವಿಗೆ ಹಾಕ್ಬೇಡಿ.

ಮಾತ್ರೆ ವಿಷಯನೂ ನಮ್ಮಲ್ಲಿ ಯಾರೂ ಯೋಚನೆ ಮಾಡಲ್ಲ. ಆಸ್ಪಿರಿನ್ ದೊಡ್ಡ ಡೋಸಲ್ಲಿ ತಗೊಂಡ್ರೆ ಕಿವಿಲಿ ಸದ್ದು ಬರುತ್ತಂತೆ, ನಿಲ್ಲಿಸಿದ್ರೆ ಸಾಮಾನ್ಯವಾಗಿ ಹೋಗುತ್ತೆ. ಜೆಂಟಾಮೈಸಿನ್, ಸ್ಟ್ರೆಪ್ಟೊಮೈಸಿನ್ ಥರದ ಇಂಜೆಕ್ಷನ್ನು, ಕ್ಯಾನ್ಸರಿಗೆ ಕೊಡೋ ಸಿಸ್‌ಪ್ಲಾಟಿನ್ ಇವೆಲ್ಲ ಕಿವಿಗೆ ಪೆಟ್ಟು ಕೊಡಬಹುದು. ಹಾಗಂತ ನಡೀತಿರೋ ಔಷಧಿನ ನೀವೇ ನಿಲ್ಲಿಸ್ಬೇಡಿ, ಕೊಟ್ಟ ಡಾಕ್ಟ್ರ ಹತ್ರ ಹೇಳಿ. ನಂದು ಮಂಡಿನೋವಿನ ಮಾತ್ರೆ ಎಲ್ಲ ತೋರಿಸಿ ಆಯ್ತು, ಅದರದ್ದಲ್ಲ ಅಂದ್ರು. ಆಮೇಲೆ ಕೆಲಸ ಏನು ಅಂತ ಇನ್ನೊಂದ್ಸಲ ಕೇಳಿದ್ರು, ಸುಲಿಯೋ ಮಷಿನ್ ಅಂದೆ, ಡಾಕ್ಟ್ರು ಹ್ಞೂಂ ಅಂತ ತಲೆ ಆಡಿಸಿ ಆಡಿಯೋಮೆಟ್ರಿಗೆ, ಅಂದ್ರೆ ಕಿವಿ ಎಷ್ಟು ಕೇಳುತ್ತೆ ಅಂತ ನೋಡೋ ಪರೀಕ್ಷೆಗೆ ಬರೆದ್ರು.

ಸುಲಿತ ಗೊತ್ತಿಲ್ದೇ ಇರೋ ಬಯಲುಸೀಮೆಯೋರಿಗೆ ಒಂದು ಮಾತು. ಹಸಿ ಅಡಿಕೆ ಕೊಯ್ದ ಮೇಲೆ ಇಟ್ಕೊಂಡು ಕೂರೋ ಹಂಗಿಲ್ಲ, ಬೇಗ ಸುಲಿದು ಬೇಯಿಸ್ಬೇಕು. ಮುಂಚೆ ಎಲ್ಲ ಹೆಂಗಸರು ಸೇರ್ಕೊಂಡು ಮೆಟ್ಟುಗತ್ತಿಲಿ ಸುಲಿಯೋದು, ಕತೆ ನಗು ಹರಟೆ ಮಧ್ಯರಾತ್ರಿವರೆಗೆ. ಈಗ ಜನ ಸಿಗಲ್ಲ, ಮಷಿನ್ ಬಂತು. ತಗಡಿನ ಶೀಟ್ ಹಾಕಿದ ಶೆಡ್ಡು, ಕೆಳಗೆ ಮಷಿನ್ನು, ಕರೆಂಟ್ ಹೋದ್ರೆ ಪಕ್ಕದಲ್ಲೇ ಜನರೇಟರ್, ಪಕ್ಕದಲ್ಲಿ ನಿಂತೋರ ಜೊತೆನೂ ಕೂಗಿ ಮಾತಾಡ್ಬೇಕು. ಕೊಯ್ಲು ಶುರುವಾದ್ರೆ ತಿಂಗಳುಗಟ್ಟಲೆ ಹೀಗೇ.

ಪರೀಕ್ಷೆ ಮಾಡಿದ ಆಡಿಯಾಲಜಿಸ್ಟ್ ಹುಡುಗಿಗೆ ನನ್ನ ದೊಡ್ಡ ನಮಸ್ಕಾರ, ನನ್ನ ಮಗಳ ವಯಸ್ಸಿನೋಳು. ಗ್ರಾಫ್ ತೋರಿಸಿದ್ಲು, ದಪ್ಪ ದನಿಗೆಲ್ಲ ಗೆರೆ ಸರಿ ಇದೆ, ನಾಲ್ಕು ಸಾವಿರ ಹರ್ಟ್ಸ್, ಅಂದ್ರೆ ಕೀಚಲು ದನಿ ಹತ್ರ ಬಂದಾಗ ಗುಂಡಿಗೆ ಬಿದ್ದಂಗೆ ಕೆಳಗೆ ಇಳಿದಿದೆ, ಇದು ದೊಡ್ಡ ಸದ್ದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದೋರ ಕಿವಿಲಿ ಕಾಣೋ ಗುರುತು ಆಂಟಿ ಅಂದ್ಲು. ಒಳಕಿವಿಲಿ ಸುಮಾರು ಹದಿನೈದು ಸಾವಿರ ಸೂಕ್ಷ್ಮ ಕೂದಲಿನ ಜೀವಕೋಶ ಇರ್ತಾವಂತೆ, ಸದ್ದಿಗೆ ಅವು ಸತ್ರೆ ಮನುಷ್ಯರಲ್ಲಿ ಮತ್ತೆ ಹುಟ್ಟಲ್ಲ. ಅಲ್ಲಿಂದ ಬರೋ ಸುದ್ದಿ ಕಮ್ಮಿ ಆದಾಗ ಮೆದುಳು ಸುಮ್ನಿರಲ್ಲ, ತನ್ನ ವಾಲ್ಯೂಮು ತಾನೇ ಏರಿಸ್ಕೊಳ್ಳುತ್ತೆ, ಆಗ ಇಲ್ಲದ ಸದ್ದು ಕೇಳ್ಸೋಕೆ ಶುರುವಾಗುತ್ತೆ. ಅಂದ್ರೆ ನಂಗೆ ಭ್ರಮೆ ಅಲ್ಲ, ಹುಚ್ಚಲ್ಲ, ಇದಕ್ಕೊಂದು ಕಾರಣ ಇದೆ, ಆ ಕಾಗದ ಕೈಲಿ ಹಿಡ್ಕೊಂಡು ಕಾರಿಡಾರಲ್ಲಿ ಅತ್ತುಬಿಟ್ಟೆ ಅಂದ್ರೆ ನಂಬಿ. ಟಿನ್ನಿಟಸ್ ಅಂತ ಹೆಸರು. 2022ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದ ಪ್ರಕಾರ ಪ್ರಪಂಚದ ವಯಸ್ಕರಲ್ಲಿ ನೂರಕ್ಕೆ ಹದಿನಾಲ್ಕು ಜನಕ್ಕೆ ಇದರ ಅನುಭವ ಇದೆಯಂತೆ. ಅಷ್ಟು ಜನ ಇದ್ದೂ ನಮ್ಮೂರಲ್ಲಿ ಯಾರೂ ಬಾಯಿ ಬಿಟ್ಟಿರಲಿಲ್ಲ ನೋಡಿ.

ಇದನ್ನ ನಿಲ್ಲಿಸೋ ಮಾತ್ರೆ ಇಲ್ಲ ಅಂತ ಡಾಕ್ಟ್ರು ಸೀದಾ ಹೇಳಿದ್ರು. ಬೆಂಗಳೂರಿನ ಭಾವ ಪಾಪ ಪ್ರೀತಿಯಿಂದ ಗಿಂಕೊ ಅನ್ನೋ ಮರದ ಎಲೆಯಿಂದ ಮಾಡಿದ ಮಾತ್ರೆ ಕಳಿಸಿದ್ರು, ಅದನ್ನ ತೋರಿಸಿದ್ರೆ, ಅಮೆರಿಕಾದ ಕಿವಿ ಮೂಗು ಗಂಟಲು ಡಾಕ್ಟ್ರುಗಳ ಸಂಘ 2014ರಲ್ಲೇ ಗಿಂಕೊ, ಜಿಂಕ್, ಮೆಲಟೋನಿನ್ ಇವನ್ನ ಟಿನ್ನಿಟಸ್ಸಿಗೆ ಕೊಡ್ಬೇಡಿ ಅಂತ ಹೇಳಿದೆ, ದುಡ್ಡು ದಂಡ ಅಂದ್ರು. ಭಾವ, ನಿಮ್ಮ ಮನಸ್ಸಿಗೆ ಥ್ಯಾಂಕ್ಸ್, ಡಬ್ಬಿ ಹಾಗೇ ಇದೆ. ಅದೇ ಸಂಘ ಮಾಡಿ ಅಂತ ಹೇಳಿರೋದ್ರಲ್ಲಿ ಎರಡು ಅಂದ್ರೆ, ಕಿವಿ ಮಂದ ಇದ್ರೆ ಹಿಯರಿಂಗ್ ಏಡ್ ಹಾಕಿ ನೋಡೋದು, ಆಮೇಲೆ ಸಿಬಿಟಿ ಅನ್ನೋ ಕೌನ್ಸೆಲಿಂಗು.

ಹಿಯರಿಂಗ್ ಏಡ್ ಅಂದಾಗ ನಂಗೆ ನಾಚಿಕೆ ಆಯ್ತು, ಮುದುಕಿ ಆದ್ನಾ ಅಂತ. ನನ್ನ ತಂಗಿ ಮೈಸೂರಲ್ಲಿರೋದು, ಸಾಗರದಿಂದ ಸೀದಾ ರೈಲಿದೆ ಬಾ ಅಂತ ಹಠ ಹಿಡಿದು ಮಾನಸಗಂಗೋತ್ರಿಲಿರೋ ವಾಕ್ ಶ್ರವಣ ಸಂಸ್ಥೆಗೆ ಕರ್ಕೊಂಡು ಹೋದ್ಲು. 1965ರಿಂದ ಇದೆ ಅದು, ನಮ್ಮ ರಾಜ್ಯದಲ್ಲೇ ಇಂಥದ್ದೊಂದು ಇರೋದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಏಡ್ ಹಾಕಿ ಹೊರಗೆ ಬಂದಾಗ ಒಣಗಿದ ಎಲೆ ಮೇಲೆ ಕಾಲಿಟ್ಟ ಸರಪರ ಸದ್ದು ಕೇಳ್ತು, ಅದು ಕೇಳದೇ ಎಷ್ಟು ಕಾಲ ಆಗಿತ್ತೋ. ಹೊರಗಿನ ಸಣ್ಣ ಸದ್ದುಗಳು ವಾಪಸ್ ಬಂದಾಗ ಒಳಗಿನದು ಹಿಂದೆ ಸರೀತು. ಎಲ್ಲರಿಗೂ ಹೀಗೇ ಆಗುತ್ತೆ ಅಂತಲ್ಲ, ನಂಗಾಯ್ತು.

ರಾತ್ರಿದೇ ಕಷ್ಟ. ಮಳೆಗಾಲದಲ್ಲಿ ನಂಗೆ ಏನೂ ತೊಂದ್ರೆ ಇಲ್ಲ, ನಮ್ಮ ಕಡೆ ಜುಲೈ ತಿಂಗಳ ಮಳೆ ಹೆಂಚಿನ ಮೇಲೆ ಸುರಿಯೋವಾಗ ಕಿವಿಯೊಳಗೆ ಏನಿದ್ರೂ ಕೇಳಲ್ಲ. ಮಳೆ ನಿಂತ್ಮೇಲೆ, ಅದೂ ಚಳಿಗಾಲದ ರಾತ್ರಿ ತೋಟದ ಮಧ್ಯದ ಮನೆಲಿ ಇರೋ ಮೌನ ಇದ್ಯಲ್ಲ, ಪ್ರವಾಸಕ್ಕೆ ಬಂದೋರು ಆಹಾ ಅಂತಾರೆ, ಅದೇ ನಂಗೆ ಶತ್ರು. ಮೈಸೂರಿನೋರು ಹೇಳಿದ್ದು, ಪೂರ್ತಿ ಮೌನದಲ್ಲಿ ಮಲಗ್ಬೇಡಿ, ಏನಾದ್ರೂ ಮೆತ್ತಗಿನ ಸದ್ದು ಇಟ್ಕೊಳಿ, ಆದ್ರೆ ಕಿವಿ ಸದ್ದನ್ನ ಪೂರ್ತಿ ಮುಚ್ಚೋಷ್ಟು ಜೋರು ಬೇಡ, ಅದಕ್ಕಿಂತ ಒಂಚೂರು ಕಮ್ಮಿನೇ ಇರ್ಲಿ, ಎರಡೂ ಒಟ್ಟಿಗೆ ಕೇಳ್ತಾ ಕೇಳ್ತಾ ಮೆದುಳು ಇದು ಮುಖ್ಯ ಅಲ್ಲ ಅಂತ ಕಲಿಯುತ್ತೆ ಅಂತ. ಹಂಗಾಗಿ ಭದ್ರಾವತಿ ಆಕಾಶವಾಣಿ ಸಣ್ಣಗೆ, ಅದು ನಿಂತ ಮೇಲೆ ಟೇಬಲ್ ಫ್ಯಾನು ಗೋಡೆ ಕಡೆ ತಿರುಗಿಸಿ. ಮಗ ಮೊಬೈಲಲ್ಲಿ ಮಳೆ ಸದ್ದು ಹಾಕ್ಕೊಟ್ಟ, ಮಲೆನಾಡಿನೋಳಿಗೆ ಮೊಬೈಲ್ ಮಳೆ! ನಕ್ಕೆ, ಆದ್ರೆ ಕೆಲಸ ಮಾಡ್ತು. ಚಳಿಲಿ ಫ್ಯಾನ್ ಹಾಕಿದ್ರೂ ಗೊಣಗದೇ ಎರಡು ಕಂಬಳಿ ಹೊದ್ದು ಮಲಗಿದ ನಮ್ಮನೆಯವರಿಗೂ ಥ್ಯಾಂಕ್ಸ್, ಬಾಯಲ್ಲಿ ಹೇಳಿಲ್ಲ ಇದುವರೆಗೆ.

ಇನ್ನೊಂದು ಥ್ಯಾಂಕ್ಸ್ ಹೆಸರು ಗೊತ್ತಿಲ್ದೇ ಇರೋರಿಗೆ. ಒಂದು ರಾತ್ರಿ ತುಂಬಾ ಕೆಟ್ಟದಾಗಿತ್ತು, ಯಾಕೆ ಬದುಕಿರ್ಬೇಕು ಅನ್ನೋವರೆಗೆ ಹೋಗಿತ್ತು ಮನಸ್ಸು. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ, ಯಾವ ಹೊತ್ತಿಗೂ ಮಾಡ್ಬಹುದು. ಆ ಕಡೆ ಇದ್ದ ಹೆಣ್ಣುಮಗಳು ನಾನು ಹೇಳೋದನ್ನ ಪೂರ್ತಿ ಕೇಳಿದ್ಲು, ಅವಸರ ಮಾಡ್ಲಿಲ್ಲ, ಬೆಳಿಗ್ಗೆ ಯಾರಿಗೆ ತೋರಿಸ್ಬೇಕು ಅಂತ ಹೇಳಿದ್ಲು. ಅಲ್ಲಿಂದ ಮುಂದೆ ಕೌನ್ಸೆಲಿಂಗ್ ಶುರುವಾಗಿದ್ದು. ಅಲ್ಲಿ ಮಾಡಿಸಿದ್ದು ಇಷ್ಟೇ, ಸದ್ದು ಕೇಳಿದ ತಕ್ಷಣ ನನ್ನ ತಲೆಲಿ ಏನೇನು ಓಡುತ್ತೆ ಅಂತ ಬರ್ಕೊಳ್ಳೋದು, ಪೂರ್ತಿ ಕಿವುಡಿ ಆಗ್ತೀನಿ, ಮಷಿನ್ ಸಾಲ ತೀರಲ್ಲ, ಹೀಗೇ, ಆಮೇಲೆ ಅದರಲ್ಲಿ ಎಷ್ಟು ನಿಜ ಅಂತ ಒಂದೊಂದನ್ನೇ ನೋಡೋದು. ಅರ್ಧಕ್ಕರ್ಧ ನಿಜ ಇರ್ಲಿಲ್ಲ. ಸಾಲದ್ದು ಮಾತ್ರ ನಿಜ ಇತ್ತು. ಹೆದರಿಕೆ ಬಂದ್ರೆ ಸದ್ದು ದೊಡ್ಡದಾಗುತ್ತೆ, ದೊಡ್ಡದಾದ್ರೆ ನಿದ್ದೆ ಹೋಗುತ್ತೆ, ನಿದ್ದೆಗೆಟ್ರೆ ಮತ್ತೆ ಹೆದರಿಕೆ, ಆ ಸುತ್ತು ಬಿಡಿಸಿದ್ದು ಅವರೇ.

ಎಲ್ಲಕ್ಕಿಂತ ಜಾಸ್ತಿ ಧೈರ್ಯ ಕೊಟ್ಟಿದ್ದು ನಮ್ಮತ್ತೆ. ಎಂಬತ್ತು ದಾಟಿದೆ ಅವರಿಗೆ, ಕಿವಿ ಮಂದ. ಒಂದಿನ ಹೋಳಿಗೆ ಲಟ್ಟಿಸ್ತಾ ಅವರ ಕಿವಿ ಹತ್ರ ಹೋಗಿ ಕೂಗಿ ಕೂಗಿ ನನ್ನ ಕತೆ ಹೇಳಿದೆ. "ಅದನಾ? ಅದು ಯಂಗೂ ಇದ್ದು ಕೂಸೆ, ಎಂತ ಆಗ್ತಿಲ್ಲೆ", ಅಂದ್ರೆ ಅದು ನಂಗೂ ಇದೆ ಮಗಳೇ, ಏನೂ ಆಗಲ್ಲ, ಅಂದು ಕಣಕ ಎಳೆಯೋಕೆ ಶುರು ಮಾಡಿದ್ರು. ವಯಸ್ಸಾದಂಗೆ ಕಿವಿ ಮಂದ ಆಗೋವಾಗ್ಲೂ ಈ ಸದ್ದು ಬರೋದು ಮಾಮೂಲಿ ಅಂತ ಡಾಕ್ಟ್ರು ಹೇಳಿದ್ರು, ಆದ್ರೆ ಎಷ್ಟೋ ವರ್ಷದಿಂದ ಅದನ್ನ ಇಟ್ಕೊಂಡು ಕೊಟ್ಟಿಗೆ, ಅಡುಗೆ, ಬಾಣಂತನ ಎಲ್ಲ ಮಾಡಿದ ಜೀವ ಎದುರಿಗೆ ಕೂತಿರೋವಾಗ ನಂಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಇನ್ನು ಮಷಿನ್ ವಿಷಯ. 85 ಡೆಸಿಬಲ್ ಸದ್ದಲ್ಲಿ ದಿನಕ್ಕೆ ಎಂಟು ಗಂಟೆ ಅನ್ನೋದು ಕೆಲಸದ ಜಾಗಕ್ಕೆ ಹೇಳೋ ಮಿತಿ. ಅಲ್ಲಿಂದ ಮೂರು ಡೆಸಿಬಲ್ ಏರಿದ್ರೆ ಹೊತ್ತು ಅರ್ಧ, 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು ಗಂಟೆ, 100 ಆದ್ರೆ ಹದಿನೈದೇ ನಿಮಿಷ. ಮಗ ಮೊಬೈಲ್ ಆ್ಯಪಲ್ಲಿ ನಮ್ಮ ಶೆಡ್ ಅಳೆದ, ಆ್ಯಪ್ ಅಂಥಾ ಕರಾರುವಾಕ್ಕೇನಲ್ಲ, ಆದ್ರೂ ತೊಂಬತ್ತರ ಮೇಲೇ ತೋರಿಸ್ತಿತ್ತು. ಕಳೆ ಹೊಡಿಯೋ ಮಷಿನ್ ಅದಕ್ಕಿಂತ ಜೋರು, ಅದನ್ನ ಹೆಗಲಿಗೆ ಹಾಕ್ಕೊಂಡು ಬೆಳಿಗ್ಗಿಂದ ಸಂಜೆವರೆಗೆ ತೋಟ ಸುತ್ತೋ ಹುಡುಗರೇ, ನಿಮಗೇ ಹೇಳ್ತಿರೋದು. ಕಿವಿಗೆ ಹತ್ತಿ ತುರುಕಿದ್ರೆ ಪ್ರಯೋಜನ ಇಲ್ಲ. ಫೋಮಿನ ಪ್ಲಗ್ ಬೆರಳಲ್ಲಿ ತೆಳ್ಳಗೆ ಹೊಸೆದು, ಕಿವಿನ ಮೇಲಕ್ಕೆಳೆದು ಒಳಗಿಟ್ಟು ಉಬ್ಬೋವರೆಗೆ ಹಿಡ್ಕೋಬೇಕು, ಇಲ್ಲಾ ಹೆಡ್‌ಫೋನ್ ಥರದ ಇಯರ್ ಮಫ್ ಹಾಕ್ಬೇಕು. ನಾನು ಈ ಸಲ ಪೂರ್ತಿ ಮಫ್ ಹಾಕ್ಕೊಂಡೇ ನಿಂತಿದ್ದು, ಜನರೇಟರನ್ನ ಶೆಡ್ ಹಿಂದಕ್ಕೆ ಸಾಗಿಸ್ದೆ, ಊಟದ ಹೊತ್ತಲ್ಲಿ ಮಷಿನ್ ನಿಲ್ಲಿಸಿ ಕಿವಿಗೂ ರಜ. ಮೊದಲ ದಿನ ಕೆಲಸಕ್ಕೆ ಬಂದೋರು, ಅಕ್ಕ ವಿಮಾನ ಓಡಿಸ್ತಿದ್ದಾರೆ ಅಂತ ನಕ್ಕರು, ವಾರ ಕಳೆಯೋದ್ರೊಳಗೆ ಇಬ್ಬರು ತಾವೇ ಕೇಳಿ ಹಾಕ್ಕೊಂಡ್ರು. ಅವರಿಗೂ ಥ್ಯಾಂಕ್ಸ್, ಹೋದ ವರ್ಷ ನಾನು ಮಲಗಿದ್ದಾಗ ಮಷಿನ್ ನಿಲ್ಲದ ಹಂಗೆ ನೋಡ್ಕೊಂಡಿದ್ದು ಅವರೇ.

ಮುಂದಿನ ಕೊಯ್ಲಿಗೆ ಮಷಿನ್ ಬೇಕು ಅನ್ನೋರು ದಸರಾ ಒಳಗೆ ಹೇಳಿಡಿ. ರೇಟು ಈ ವರ್ಷದ್ದೇ. ಮಫ್ ನಾವೇ ತರ್ತೀವಿ, ಮಷಿನ್ ಹತ್ರ ನಿಲ್ಲೋರೆಲ್ಲ ಹಾಕ್ಕೋಬೇಕು, ಹಾಕಲ್ಲ ಅನ್ನೋ ಮನೆಗೆ ಮಷಿನ್ ಬರಲ್ಲ. ನೆಂಟರಾದ್ರೂ ಅಷ್ಟೇ.