ಸ್ಪಿಂಡಲ್ ಕೊಡುವ ಸುಳಿವು

ಚಿರಂಜೀವಿ ಮಗನಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಕಂಪ್ಯೂಟರ್ ಹೇಳಿದಂತೆ ಮರ ಕೊರೆಯುವ ಸಿ.ಎನ್.ಸಿ. ರೌಟರಿನ ಸ್ಪಿಂಡಲ್, ಅಂದರೆ ಕತ್ತರಿಸುವ ಬಿಟ್ಟನ್ನು ತಿರುಗಿಸುವ ಮೋಟಾರು, ಒಂದು ವಾರದಿಂದ ಸಣ್ಣಗೆ ಕಿರುಗುಟ್ಟುತ್ತಿದೆ, ಆದರೆ ಪರದೆಯ ಮೇಲೆ ಯಾವ ದೋಷವೂ ಕಾಣುತ್ತಿಲ್ಲ, ಹಾಗಾಗಿ ಕೆಲಸ ಮುಂದುವರಿಸಿದ್ದೇನೆ ಎಂದು ಬರೆದಿದ್ದೀಯ. ಮೊದಲು ಕೆಲಸ ನಿಲ್ಲಿಸು. ಬಿಟ್ ಎಲ್ಲಿದೆ ಎಂಬ ಲೆಕ್ಕ ಪರದೆಗೆ ಗೊತ್ತು. ಬೇರಿಂಗ್ ಸವೆದಿದೆಯೇ ಎಂಬುದು ಅದಕ್ಕೆ ಗೊತ್ತಿಲ್ಲ. ಅದನ್ನು ತಿಳಿಯಲು ನಿನ್ನ ಕಿವಿ ಮತ್ತು ಅಂಗೈ ಬೇಕು.

ವಿದ್ಯುತ್ ಸಂಪರ್ಕ ಪೂರ್ತಿ ಕಡಿದು, ಬಿಟ್ಟನ್ನು ತೆಗೆದು, ಸ್ಪಿಂಡಲನ್ನು ಬೆರಳಿನಿಂದ ನಿಧಾನವಾಗಿ ತಿರುಗಿಸು. ಬೆಣ್ಣೆಯಲ್ಲಿ ತಿರುಗಿದಂತಿರಬೇಕು. ಮರಳು ಸಿಕ್ಕಿಕೊಂಡಂತೆ ಕರಕರ ಎಂದರೆ ಬೇರಿಂಗಿನ ಕಥೆ ಮುಗಿಯುತ್ತಾ ಬಂದಿದೆ. ನುಣುಪಾಗಿ ತಿರುಗಿದರೆ ಬಿಟ್ಟನ್ನು ಬಿಗಿಹಿಡಿಯುವ ಸೀಳುಳ್ಳ ತೋಳಾದ ಕೊಲೆಟನ್ನೂ ಅದನ್ನು ಬಿಗಿಯುವ ನಟ್ಟನ್ನೂ ಕಳಚಿಟ್ಟು, ಕಡಿಮೆ ವೇಗದಲ್ಲಿ ಬರಿದೇ ಓಡಿಸಿ ನೋಡು. ಸದ್ದು ಮಾಯವಾದರೆ ತಪ್ಪು ಮೋಟಾರಿನದಲ್ಲ, ಬಿಟ್ಟಿನದೋ ಕೊಲೆಟಿನದೋ ಆಗಿರಬೇಕು. ನನ್ನ ಅನುಭವದಲ್ಲಿ ಮೋಟಾರಿನ ಮೇಲೆ ಬಂದ ದೂರುಗಳಲ್ಲಿ ಬಹುಪಾಲು ಕೊಲೆಟಿನ ಸೀಳುಗಳಲ್ಲಿ ಕೂತ ಅಂಟು ಮತ್ತು ಹೊಟ್ಟಿನದೇ. ಅಂಥ ಕೊಲೆಟ್ ಬಿಟ್ಟನ್ನು ಕೂದಲೆಳೆಯಷ್ಟು ಓರೆಯಾಗಿ ಹಿಡಿಯುತ್ತದೆ. ಆ ಓರೆ ನಿಮಿಷಕ್ಕೆ 18000 ಸುತ್ತು ತಿರುಗುವಾಗ ಪ್ರತಿ ಸುತ್ತಿಗೂ ಬೇರಿಂಗನ್ನು ಗುದ್ದುತ್ತದೆ. ಪ್ರತಿ ಸಲ ಬಿಟ್ ಬದಲಿಸುವಾಗ ಕೊಲೆಟನ್ನು ಒರೆಸು. ಅದನ್ನು ಮೊದಲು ನಟ್ಟಿನೊಳಗೆ ಟಕ್ಕೆಂದು ಕೂರಿಸಿ, ಆಮೇಲೆ ಸ್ಪಿಂಡಲಿಗೆ ಹಾಕು. ಬಿಟ್ ಇಲ್ಲದ ಕೊಲೆಟನ್ನು ಎಂದೂ ಬಿಗಿಯಬೇಡ, ಅದರ ಆಕಾರವೇ ಕೆಡುತ್ತದೆ.

ಈಗ ನೀನು ಹೆಮ್ಮೆಯಿಂದ ಬರೆದ ಸಂಗತಿಗೆ ಬರುತ್ತೇನೆ. ದಿನವೂ ಸಂಜೆ ಕಂಪ್ರೆಸರ್ ಗಾಳಿಯಿಂದ ಸ್ಪಿಂಡಲಿನ ಮೂತಿಯನ್ನು ಚೊಕ್ಕಟ ಮಾಡುತ್ತಿದ್ದೀಯಂತೆ. ನನ್ನ ಅನುಮಾನವೆಲ್ಲ ಅಲ್ಲೇ ಇದೆ. ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ ಎಂ.ಡಿ.ಎಫ್. ಹಲಗೆಯ ಪುಡಿ ಹಿಟ್ಟಿನಂತೆ ನಯ. ತಾನಾಗಿ ಒಳಗೆ ಹೋಗಲಾರದ ಜಾಗಕ್ಕೆ ಅದನ್ನು ನೀನೇ ತಳ್ಳುತ್ತಿದ್ದೀಯ. ಮೂತಿಯ ಬಳಿ ಮೆದುವಾದ ಬ್ರಷ್ ಮತ್ತು ಧೂಳೆಳೆಯುವ ಯಂತ್ರದ ಕೊಳವೆ ಸಾಕು. ಹಾಗೆಯೇ ಬೇರಿಂಗಿಗೆಂದು ಎಣ್ಣೆ ಹನಿಸುವ ಆಸೆಯನ್ನೂ ಬಿಡು. ಇಂಥ ಸ್ಪಿಂಡಲುಗಳಿಗೆ ತಯಾರಕರೇ ಅಳತೆ ಮಾಡಿ ಗ್ರೀಸ್ ತುಂಬಿರುತ್ತಾರೆ. ಹೊರಗಿನ ಎಣ್ಣೆ ಆ ಗ್ರೀಸನ್ನು ಕರಗಿಸಿ ಹೊರಹಾಕುತ್ತದೆ. ಪ್ರೀತಿ ಹೆಚ್ಚಾಗಿ ಕೆಟ್ಟ ಮೋಟಾರುಗಳನ್ನೂ ನಾನು ಕಂಡಿದ್ದೇನೆ.

ನಿನ್ನದು ಗಾಳಿಯಿಂದ ತಣಿಯುವ ಸ್ಪಿಂಡಲ್. ಅದರ ಫ್ಯಾನ್ ಮೋಟಾರಿನ ದಂಡಕ್ಕೇ ಜೋಡಿಸಿರುವುದರಿಂದ ಮೋಟಾರು ನಿಧಾನವಾದರೆ ಗಾಳಿಯೂ ಕಡಿಮೆಯಾಗುತ್ತದೆ. ವೇಗ ತಗ್ಗಿಸಿ ದಪ್ಪ ಮರವನ್ನು ಆಳವಾಗಿ ಕೊರೆದರೆ ಮೋಟಾರಿಗೆ ದುಡಿಮೆ ಹೆಚ್ಚು, ತಂಪು ಕಡಿಮೆ. ಕವಚದ ಮೇಲೆ ಅಂಗೈ ಇಟ್ಟಿರಲು ಆಗದಷ್ಟು ಬಿಸಿಯಾದರೆ ನಿಲ್ಲಿಸು. ನನ್ನದು ನೀರಿನ ತಂಪಿನದು, ಅದರ ಗೋಳು ಬೇರೆ: ನಲ್ಲಿ ನೀರು ಹಾಕಿ ಕೊಳವೆಯಲ್ಲಿ ಪಾಚಿ ಬೆಳೆಸಿದ ಮೇಲೆಯೇ ಬಟ್ಟಿ ಇಳಿಸಿದ ನೀರಿನ ಬೆಲೆ ನನಗೆ ತಿಳಿದದ್ದು.

ಬಿಸಿ ಮೋಟಾರಿನಲ್ಲೇ ಹುಟ್ಟಬೇಕೆಂದೇನೂ ಇಲ್ಲ. ಮೊಂಡು ಬಿಟ್ ಮರವನ್ನು ಕತ್ತರಿಸದೆ ಉಜ್ಜುತ್ತದೆ. ಎರಡು ಅಲಗಿನ ಬಿಟ್ 18000 ಸುತ್ತಿನಲ್ಲಿ, ನಿಮಿಷಕ್ಕೆ 3600 ಮಿಲಿಮೀಟರ್ ಸಾಗಿದರೆ ಪ್ರತಿ ಅಲಗು ಒಂದು ಸುತ್ತಿಗೆ 0.1 ಮಿಲಿಮೀಟರ್ ಮರ ತೆಗೆಯುತ್ತದೆ. ಭಯಪಟ್ಟು ಸಾಗುವ ವೇಗವನ್ನು 600ಕ್ಕೆ ಇಳಿಸಿದರೆ ಅದು ಆರರಲ್ಲಿ ಒಂದು ಪಾಲಾಗುತ್ತದೆ. ಆಗ ಚಕ್ಕೆ ಬೀಳುವ ಬದಲು ಪುಡಿ ಏಳುತ್ತದೆ, ಅಂಚು ಕಪ್ಪಾಗುತ್ತದೆ. ಹೊಸಬರು ಮೋಟಾರಿಗೆ ಕರುಣೆ ತೋರಲೆಂದು ಮಾಡುವ ತಪ್ಪು ಇದು.

ಮೋಟಾರಿನ ವೇಗವನ್ನು ನಿಯಂತ್ರಿಸುವ ಡ್ರೈವ್ ಆದ ವಿ.ಎಫ್.ಡಿ.ಯ ಬಗ್ಗೆ ಹೇಳುವಾಗ ನನಗೆ ಇಂದಿಗೂ ಸಂಕೋಚ. ನನ್ನ ಮೊದಲ ಸ್ಪಿಂಡಲನ್ನು ಸುಟ್ಟವನು ನಾನೇ. ಎರಡು ಪೋಲಿನ, ಅಂದರೆ ಎರಡು ಕಾಂತಧ್ರುವಗಳ, ಈ ಮೋಟಾರು 400 ಹರ್ಟ್ಸ್‌ನಲ್ಲಿ 24000 ಸುತ್ತು ತಿರುಗುತ್ತದೆ. ಪೂರ್ಣ ವೋಲ್ಟೇಜು ಸಿಗಬೇಕಾದದ್ದೂ ಅಲ್ಲಿಯೇ. ನಾನು ಡ್ರೈವಿನಲ್ಲಿ ಮೂಲ ಆವರ್ತನವನ್ನು, ಅಂದರೆ ಪೂರ್ಣ ವೋಲ್ಟೇಜು ಸಿಗುವ ಹರ್ಟ್ಸ್ ಅಂಕಿಯನ್ನು, 50ರಲ್ಲೇ ಬಿಟ್ಟಿದ್ದೆ. ಎಂಟನೇ ಒಂದು ಪಾಲು ವೋಲ್ಟೇಜು ಸಿಗಬೇಕಾದಲ್ಲಿ ಪೂರ್ತಿ ನುಗ್ಗಿ, ತಂತಿ ಸುರುಳಿಗಳು ಸುಟ್ಟ ವಾಸನೆ ಬೀರಿದವು. ಯಂತ್ರ ತಿರುಗಿತ್ತು, ಸದ್ದೂ ಚೆನ್ನಾಗಿತ್ತು ಎಂಬುದೇ ನನ್ನನ್ನು ಮೋಸಗೊಳಿಸಿದ್ದು. ನಿನ್ನದರಲ್ಲಿ ಆ ಅಂಕಿ ಎಷ್ಟಿದೆ ನೋಡಿ, ಮೋಟಾರಿನ ಫಲಕದೊಂದಿಗೆ ತಾಳೆ ಹಾಕು. ಡ್ರೈವಿನ ಪೆಟ್ಟಿಗೆ ತೆರೆದು ಧೂಳು ತೆಗೆಯುವುದಿದ್ದರೆ, ವಿದ್ಯುತ್ ಕಡಿದ ಕೂಡಲೇ ಕೈ ಹಾಕಬೇಡ. ಒಳಗಿನ ಕೆಪಾಸಿಟರುಗಳಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ ಉಳಿದಿರುತ್ತದೆ. ಕೈಪಿಡಿ ಹೇಳಿದಷ್ಟು ಹೊತ್ತು ಕಾದು, ಮೀಟರಿನಿಂದ ಅಳೆದು ಖಚಿತಪಡಿಸಿಕೊಂಡ ಮೇಲೆಯೇ ಮುಟ್ಟು.

ಇನ್ನು ಬೆಳಗಿನ ಕೆಲಸ. ರಾತ್ರಿಯಿಡೀ ತಣ್ಣಗಿದ್ದ ಸ್ಪಿಂಡಲನ್ನು ಒಮ್ಮೆಗೇ ಪೂರ್ತಿ ವೇಗಕ್ಕೆ ಏರಿಸದೆ, 8000ದಿಂದ ಶುರುಮಾಡಿ ಹತ್ತು ನಿಮಿಷದಲ್ಲಿ ಹಂತಹಂತವಾಗಿ ಏರಿಸು. ಗ್ರೀಸ್ ಬೇರಿಂಗಿನೊಳಗಿನ ಗುಂಡುಗಳ ಸುತ್ತ ಸಮನಾಗಿ ಹರಡಲು ಅಷ್ಟು ಹೊತ್ತು ಬೇಕು. ಆ ಹೊತ್ತಿನಲ್ಲಿ ಮೊಬೈಲ್ ನೋಡದೆ ಅದರ ಸದ್ದು ಕೇಳು.

ಬೆರಳಿನಿಂದ ತಿರುಗಿಸಿದಾಗ ಏನು ತಿಳಿಯಿತೆಂದು ನಾಳೆಯೇ ಬರೆ. ಬೇರಿಂಗ್ ಹೋಗಿದ್ದರೆ ನೀನು ಸುತ್ತಿಗೆ ಹಿಡಿದು ಬಿಚ್ಚಲು ಕೂರಬೇಡ. ಅದನ್ನು ಸರಿಯಾದ ಒತ್ತಿನಲ್ಲಿ ಕೂರಿಸಬಲ್ಲವರ ಬಳಿಗೆ ಇಬ್ಬರೂ ಒಯ್ಯೋಣ.

ಇಂತು ನಿನ್ನ ಶ್ರೇಯಸ್ಸನ್ನು ಬಯಸುವ,
ದೊಡ್ಡಪ್ಪ