ಬ್ಯಾಟ್ರಿ ಬದಲಿ ಮಾಡೂಕಿಂತ ಮೊದಲ ಒಮ್ಮೆ ಮೀಟರ್ ಹಚ್ರಿ

ಸಂಪಾದಕರಿಗೆ ನಮಸ್ಕಾರ್ರಿ,

ನಾ ತಿಕೋಟಾ ಕಡೆ ದ್ರಾಕ್ಷಿ ಮಾಡೋ ರೈತ. ನಮ್ಮನ್ಯಾಗ 2003ರ ಮಾಡೆಲ್ ಡೀಸೆಲ್ ಜೀಪ್ ಐತಿ, ಅಪ್ಪ ತಗೊಂಡಿದ್ದು, ಇವತ್ತಿಗೂ ಇಂಜಿನ್ ಗಟ್ಟಿ. ಹೋದ ಡಿಸೆಂಬರ್‌ದಾಗ ಒಂದ್ ರಾತ್ರಿ ಎರಡ ಗಂಟೆ ಸುಮಾರಿಗೆ ಅವ್ವಗ ದಮ್ಮು ಹತ್ತಿತು, ಓಡಿ ಹೋಗಿ ಜೀಪಿಗೆ ಚಾವಿ ತಿರುವಿದ್ರ ಕಟ್ ಕಟ್ ಕಟ್ ಅಂತ ಸಪ್ಪಳ ಅಷ್ಟ, ಸೆಲ್ಫ್ ಹೊಡಿವಲ್ದು. ಬಾಜು ಮನಿ ಮಂದಿನ ಎಬ್ಬಿಸಿ ನಾಕ ಜನ ನೂಕಿ, ಸೆಕೆಂಡ್ ಗೇರ್ ಹಾಕಿ ಕ್ಲಚ್ ಬಿಟ್ಟು ಚಾಲೂ ಮಾಡ್ಕೊಂಡು ವಿಜಯಪುರ ಮುಟ್ಟಿದ್ವಿ. ಅವ್ವ ಈಗ ಆರಾಮ ಅದಾಳ. ಆದ್ರ ಆ ಹೊತ್ತು ನಂಗ ಇನ್ನೂ ಕಣ್ಣಮುಂದ ಐತಿ, ಯಾಕಂದ್ರ ಆ ಬ್ಯಾಟ್ರಿ ಹಾಕ್ಸಿ ತಿಂಗಳೂ ಆಗಿರಲಿಲ್ಲ.

ಅದಕ್ಕೂ ಮೊದಲು ನವೆಂಬರ್‌ದಾಗ ಹಿಂಗ ಎರಡ್ ಸಲ ಕೈಕೊಟ್ಟಿತ್ತು, ಅಂಗಡಿಗೆ ಒಯ್ದ್ರ ಅವ್ರು ಒಂದ್ ನಿಮಿಷನೂ ನೋಡ್ಲಿಲ್ಲ, "ಬ್ಯಾಟ್ರಿ ಖತಂ ಆಗೈತ್ರಿ ಸಾವ್ಕಾರ್ರ, ಹೊಸಾದು ಹಾಕ್ಸಿಬಿಡ್ರಿ" ಅಂದ್ರು, ಹಳೇದು ಕೊಟ್ಟು ಮ್ಯಾಲ ಆರ್ ಸಾವಿರಕ್ಕಿಂತ ಹೆಚ್ಚು ಎಣಿಸಿ ಬಂದೆ. ಹೊಸಾದೂ ಹಂಗ ಆದಮ್ಯಾಲ ಮತ್ತ ಹೋದ್ರ, ಗಾಡಿ ದಿನಾ ಓಡಸಂಗಿಲ್ಲ ಅದಕ್ಕ ನಿಮ್ದ ತಪ್ಪು ಅಂದ್ರು. ಇನ್ನೊಬ್ಬ ಮೇಸ್ತ್ರಿ ಇಂಜಿನ್ ಚಾಲೂ ಇಟ್ಟು ಬ್ಯಾಟ್ರಿ ಟರ್ಮಿನಲ್ ಬಿಚ್ಚಿ ಆಲ್ಟರ್ನೇಟರ್ (ಇಂಜಿನ್ ತಿರಗೋಮುಂದ ಬ್ಯಾಟ್ರಿ ಚಾರ್ಜ್ ಮಾಡೋದು) ಚೊಲೋ ಐತಿ ಅಂತ ತೋರ್ಸಿದ. ಇದು ಹಳೇ ಡೈನಮೋ ಕಾಲದ ರೂಢಿ, ದಯವಿಟ್ಟು ಯಾರೂ ಮಾಡಸ್ಬ್ಯಾಡ್ರಿ, ಆಲ್ಟರ್ನೇಟರ್ ಇದ್ದ ಗಾಡ್ಯಾಗ ಹಂಗ ಬಿಚ್ಚಿದ್ರ ವೋಲ್ಟೇಜ್ ಒಮ್ಮೆಲೆ ಜಿಗದು ಅದರೊಳಗಿನ ಡಯೋಡ್, ಅಂದ್ರ ಕರೆಂಟ್ ಒಂದ ಕಡೆ ಅಷ್ಟ ಬಿಡೋ ಭಾಗ, ಸುಡಬಹುದು.

ಕಡಿಗೆ ಹಿಡದವ ನನ್ನ ತಮ್ಮನ ಮಗ. ಐಟಿಐದಾಗ ಇಲೆಕ್ಟ್ರಿಷಿಯನ್ ಟ್ರೇಡ್ ಓದಾಕತ್ತಾನ, ರವಿವಾರ ಊರಿಗೆ ಬಂದಾಗ ವೋಲ್ಟೇಜ್, ಕರೆಂಟ್ ಅಳಿಯೋ ಒಂದ್ ಮಲ್ಟಿಮೀಟರ್ ತಂದಿದ್ದ. ಮೊದಲ ಬ್ಯಾಟ್ರಿನ ರಾತ್ರಿಯೆಲ್ಲಾ ಚಾರ್ಜಿಗೆ ಹಚ್ಚಿದ, ಮುಂಜಾನೆ 12.6 ವೋಲ್ಟ್, ಇಂಜಿನ್ ಚಾಲೂ ಮಾಡಿದ್ರ 14.1, ಅಂದ್ರ ಬ್ಯಾಟ್ರಿನೂ ಚೊಲೋ ಚಾರ್ಜಿಂಗೂ ಚೊಲೋ. "ದೊಡ್ಡಪ್ಪಾ, ಗಾಡಿ ನಿಂತಾಗ ಏನೋ ಕರೆಂಟ್ ಕುಡ್ಯಾಕತ್ತೈತಿ" ಅಂದ. ಆಮ್ಯಾಲ ಇಂಜಿನ್ ಬಂದ್ ಮಾಡಿ, ಚಾವಿ ತಗದು ತನ್ನ ಕಿಸೆದಾಗ ಇಟ್ಕೊಂಡ, ಯಾಕಂದ್ರ ಮೀಟರ್ ನಡುವ ಇರೋಮುಂದ ಯಾರರ ಸೆಲ್ಫ್ ಹೊಡದ್ರ ಮೀಟರ್ ಫ್ಯೂಸ್ ಹೋಗತೈತಿ. ಮೈನಸ್ ಟರ್ಮಿನಲ್ ಬಿಚ್ಚಿ, ಮೀಟರಿನ ಒಂದ್ ವೈರ್ ಬ್ಯಾಟ್ರಿ ಮೈನಸ್ಸಿಗೆ ಇನ್ನೊಂದು ಬಿಚ್ಚಿದ ಕೇಬಲ್ಲಿಗೆ, ಮೀಟರಿನ್ಯಾಗ 10 ಆಂಪಿಯರ್ ತೂತಿಗೆ ಹಾಕಿದ. ಬಾಗಲಾ ತೆರದಿದ್ರ ಒಳಗಿನ ಲೈಟ್ ಹತ್ತಿ ಲೆಕ್ಕ ತಪ್ಪತೈತಿ ಅಂತ ಬಾಗಲಾ ಸ್ವಿಚ್ಚಿಗೆ ಟೇಪ್ ಬಿಗದಿದ್ದ. ಮೀಟರ್ ತೋರ್ಸಿದ್ದು 0.43 ಆಂಪಿಯರ್.

ನೋಡಾಕ ಇಷ್ಟ ಐತಿ ಅನಸ್ತೈತಿ. ಆದ್ರ ಇಂಥಾ ಹಳೇ ಗಾಡ್ಯಾಗ ಗಡಿಯಾರಕ್ಕ, ಹಾಡಿನ ಟೇಪಿನ ಮೆಮೊರಿಗೆ ಹೋಗೋದು 0.02, 0.03 ಅಷ್ಟ, 0.05 ದಾಟಿತಂದ್ರ ಎಲ್ಲೋ ಸೋರಾಕತ್ತೈತಿ ಅಂತ ಅರ್ಥ. 0.43 ಅಂದ್ರ ದಿನಕ್ಕ ಹತ್ತ್ ಆಂಪಿಯರ್-ಅವರ್ ಹೋತು, ನಮ್ದು 75 ಆಂಪಿಯರ್-ಅವರ್ ಹಿಡಿಯೋ ಬ್ಯಾಟ್ರಿ, ನಾಕ ದಿನ ನಿಂತ್ರ ಅರ್ಧಕ್ಕಿಂತ ಹೆಚ್ಚು ಖಾಲಿ, ಮತ್ತ ಚಳಿಯೊಳಗ ಡೀಸೆಲ್ ಇಂಜಿನ್ ತಿರುವಾಕ ಅದಕ್ಕ ತಾಕತ್ತೆಲ್ಲಿಂದ ಬರಬೇಕು? ದಿನಾ ಓಡಿಸಿದ್ರ ಕುಡದಿದ್ದು ಮತ್ತ ತುಂಬತಿತ್ತು, ಗೊತ್ತಾಗ್ತಿರಲಿಲ್ಲ. ದ್ರಾಕ್ಷಿಗೆ ಔಷಧ ಹೊಡಿಯೋ ಟೈಮಿನ್ಯಾಗ ಟ್ರ್ಯಾಕ್ಟರ್ದ ಕೆಲಸ, ಜೀಪ್ ನಿಂತ ಇರತಿತ್ತು.

ಮುಂದ ಹುಡುಗ ಒಂದೊಂದ ಫ್ಯೂಸ್ ಕೀಳ್ತಾ ಹೋದ, ನಂಗ ಮೀಟರ್ ನೋಡ್ರಿ ಅಂದ. ಹಾರ್ನ್ ಕಿತ್ತ, 0.43. ವೈಪರ್ ಕಿತ್ತ, 0.43. ಆರನೇದೋ ಏಳನೇದೋ ಕಿತ್ತಾಗ ಒಮ್ಮೆಲೆ 0.03ಕ್ಕ ಬಿತ್ತು. ಆ ಫ್ಯೂಸಿಂದ ಹೋದ ವೈರ್ ಹಿಡ್ಕೊಂಡು ಹೋದ್ರ ಡ್ರೈವರ್ ಸೀಟಿನ ಬುಡಕ ಬಂತು, ಅಲ್ಲಿ ದಸರಾಕ್ಕ ಹಾಕ್ಸಿದ್ದ ಆಂಪ್ಲಿಫೈಯರ್, ಹಾಡಿನ ಸಪ್ಪಳ ದೊಡ್ಡದು ಮಾಡೋ ಡಬ್ಬಿ. ಕೈ ಇಟ್ಟು ನೋಡಿದೆ, ಅಂಥಾ ಚಳಿಯೊಳಗ, ರಾತ್ರಿ ಹಚ್ಚಿದ್ದ ಚಾರ್ಜರ್ ತಗದು ಬ್ಯಾಟ್ರಿ ಜೋಡಿಸಿ ತಾಸೆರಡು ತಾಸು ಆಗಿತ್ತು ಅಷ್ಟ, ಟೇಪ್ ಬಂದ್ ಇತ್ತು, ಆದ್ರೂ ಅದು ಬೆಚ್ಚಗಿತ್ತು. ಕೂಡ್ಸಿದವ್ರು ಅದನ್ನ ಚಾಲೂ-ಬಂದ್ ಮಾಡೋ ಸಣ್ಣ ವೈರನ್ನ ಹಾಡಿನ ಟೇಪಿಗೆ ಜೋಡ್ಸೋದು ಬಿಟ್ಟು ಸೀದಾ ಪ್ಲಸ್ಸಿಗೆ ಸುತ್ತಿ ಅಂಟಿನ ಪಟ್ಟಿ ಹೊಡದಿದ್ರು, ಅದು ಹಗಲೂ ರಾತ್ರಿ ಚಾಲೂನ ಇತ್ತು. ಹುಡುಗ ಆ ವೈರಿನ ಜಾಗಾ ಬದಲಿ ಮಾಡಿದ, ಹತ್ತ್ ನಿಮಿಷದ ಕೆಲಸ. ಆಮ್ಯಾಲ ಬೇಕಂತ ಐದ್ ದಿನ ಬಿಟ್ಟು ಚಾವಿ ತಿರುವಿದೆ, ಒಂದ ಹೊಡತಕ್ಕ ಚಾಲೂ.

ಎಲ್ಲಾ ಫ್ಯೂಸ್ ಕಿತ್ರೂ ಕಡಿಮಿ ಆಗಲಿಲ್ಲಂದ್ರ ಆಲ್ಟರ್ನೇಟರಿನ ದಪ್ಪ ವೈರ್ ನೋಡ್ಬೇಕಂತ, ಡಯೋಡ್ ಸೋರಿದ್ರ ಕರೆಂಟ್ ಅಲ್ಲಿಂದ ಹಿಂದ ಹೋಗತೈತಿ, ಭಾಳ ಹಳೇ ಗಾಡ್ಯಾಗ ಆ ವೈರ್ ಫ್ಯೂಸ್ ಬಾಕ್ಸಿಗೆ ಬರೂದ ಇಲ್ಲ.

ನಾ ಕೊಟ್ಟುಬಂದ ಆ ಹಳೇ ಬ್ಯಾಟ್ರಿಗೆ ಏನೂ ಆಗಿರಲಿಕ್ಕಿಲ್ಲ ಅನ್ನೋದು ನಂಗ ದಿನಾ ಚುಚ್ಚತೈತಿ. ಮೊದಲ ನಮ್ಮ ಕಡೆ ಬ್ಯಾಸಗಿ 40 ಡಿಗ್ರಿ ದಾಟತೈತಿ, ಆ ಬಿಸಿಲಿಗೆ ಬ್ಯಾಟ್ರಿ ಆಯುಷ್ಯ ಕಡಿಮಿ, ಅದ್ರಾಗ ಚೊಲೋ ಇದ್ದಿದ್ದನ್ನೂ ಮೋಡಕಾಕ್ಕ ಹಾಕಿದ್ರ ಹೆಂಗ್ರಿ. ಜಿಲ್ಲೆದಾಗ ಹಳೇ ಜೀಪು, ಟೆಂಪೋ, ಟ್ರ್ಯಾಕ್ಟರ್ ನಂಬಿದ ಮಂದಿ ಭಾಳ ಅದಾರ. ಬ್ಯಾಟ್ರಿ ಮಾರೋರು ಹೊಸಾದು ಕೊಡೂಕಿಂತ ಮೊದಲ ಗಾಡಿ ನಿಂತಾಗ ಎಷ್ಟು ಕರೆಂಟ್ ಎಳಿತೈತಿ ಅಂತ ಅಳದು ಆ ನಂಬರ್ ಬಿಲ್ಲಿನ್ಯಾಗ ಬರದು ಕೊಡ್ಲಿ, ಗಿರಾಕಿಗಳೂ ಕೇಳಿ ಬರಸ್ಕೊಳ್ರಿ. ನಿಮ್ಮ ಪತ್ರಿಕೆದಾಗ ಈ ಅಳತಿ ಮಾಡೋ ರೀತಿನ ಫೋಟೋ ಸಮೇತ ಅರ್ಧ ಪುಟ ಹಾಕ್ರಿ, ನಮ್ಮ ಹುಡುಗ ಬೇಕಾದ್ರ ನಮ್ಮ ಜೀಪಿನ ಮ್ಯಾಲ ಮಾಡಿ ತೋರಸ್ತಾನ.

ಇಂತಿ,
ಒಬ್ಬ ದ್ರಾಕ್ಷಿ ಬೆಳೆಗಾರ, ತಿಕೋಟಾ, ವಿಜಯಪುರ ಜಿಲ್ಲೆ